ಕಂಬಳಿಯೊಳಗಿನ ಆಲಿಕಲ್ಲು

ಫ್ರಿಜ್ಜಿನಲ್ಲಿ ಕಟ್ಟಿಕೊಂಡ ಐಸು ಕೆರೆಯಲು ಕುಳಿತಾಗಲೆಲ್ಲ ನನಗೆ ಒದ್ದೆ ಕಂಬಳಿಯ ವಾಸನೆ ಬಂದಂತಾಗುತ್ತದೆ.

ಆ ಮಧ್ಯಾಹ್ನ ಜಾವಗಲ್ಲಿನಲ್ಲಿ ಆಲಿಕಲ್ಲು ಮಳೆ ಬಿದ್ದಿತ್ತು. ಹೆಂಚಿನ ಮೇಲೆ ಸಿಡಿದ ಕಲ್ಲುಗಳು ತೆಂಗಿನ ಪಾತಿಯಲ್ಲಿ ಬೆಳ್ಳಗೆ ಕೂತಿದ್ದವು. ಲಂಗದ ತುಂಬ ಆರಿಸಿ ತಂದೆ. ಒಂದೊಂದರ ನಡುವೆಯೂ ಹಾಲಿನಂಥ ಚುಕ್ಕೆ, ಸುತ್ತ ಗಾಜಿನಂಥ ಪದರ. ಹೆರಿಗೆಗೆಂದು ಬೇಲೂರಿನ ಆಸ್ಪತ್ರೆಗೆ ಹೋಗಿದ್ದ ಅಮ್ಮ ಸಂಜೆ ಬಸ್ಸಿಗೆ ಬರುವವಳಿದ್ದಳು. ಅವಳಿಗೂ ಪಾಪುವಿಗೂ ತೋರಿಸಬೇಕಿತ್ತು.

ಅಜ್ಜಿ ಅವನ್ನು ರಾಗಿ ಹೊಟ್ಟಿನಲ್ಲಿ ಹೂತು, ಮೇಲೆ ಕಂಬಳಿ ಸುತ್ತಿದಳು.

"ಕಂಬಳಿ ಬೆಚ್ಚಗಿರ್ತದಲ್ಲಜ್ಜಿ, ಕರಗೋಗಲ್ವಾ?" ಎಂದೆ.

"ಕಂಬ್ಳಿಗೆಲ್ಲೈತೆ ಬಿಸಿ? ಒಳಗೇನೈತೋ ಅದ್ನ ಹಂಗೇ ಕಾಯ್ತೈತೆ ಅಷ್ಟೆ. ನಿಮ್ಮಮ್ಮಂಗೆ ದೂರದಿಂದ್ಲೇ ತೋರ್ಸು. ಬಾಣಂತಿಗೆ ತಣ್ಣಗಿರೋದು ಸೋಕ್ಬಾರ್ದು ಕಣೆ."

ಸಂಜೆ ಅಪ್ಪ ಚೀಲ ಹಿಡಿದು ಮುಂದೆ ಬಂದ. ಹಿಂದೆ ಅಮ್ಮ, ಬರಿಗೈಯಲ್ಲಿ. ಮಳೆ ನಿಂತು ಎಷ್ಟೋ ಹೊತ್ತಾಗಿದ್ದರೂ ಅವಳ ರವಿಕೆ ಎದೆಯ ಮೇಲೆ ಒದ್ದೆಯಾಗಿತ್ತು.

"ಪಾಪು ಎಲ್ಲಮ್ಮ?" ಎಂದೆ. ಅಪ್ಪ ಚೀಲವನ್ನು ಮೂಲೆಗಿಟ್ಟು ಹೊರಗೆ ಹೋದ.

ಅಜ್ಜಿ ಸೊಸೆಯ ಎದೆ ಮುಟ್ಟಿ ನೋಡಿ, "ಹಾಲು ಕಟ್ಕೊಂಡು ಕಲ್ಲಾಗೈತೆ" ಎಂದಳು. ಆಮೇಲೆ ಕಂಬಳಿ ಬಿಚ್ಚಿ, ಕಡಲೆ ಗಾತ್ರಕ್ಕೆ ಇಳಿದಿದ್ದ ಆಲಿಕಲ್ಲುಗಳನ್ನು ಹೊಟ್ಟು ಕೊಡವಿ ತೆಳು ಬಟ್ಟೆಯಲ್ಲಿ ಕಟ್ಟಿಕೊಂಡಳು. ಅಮ್ಮನನ್ನು ಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು.

ನನಗೆ ಅಳು ಬಂತು. "ಅವು ನನ್ನವು. ಬಾಣಂತಿಗೆ ಸೋಕ್ಬಾರ್ದು ಅಂತ ನೀನೇ ಹೇಳಿದ್ದೆ" ಎಂದು ಬಾಗಿಲಾಚೆಯಿಂದಲೇ ಕೂಗಿದೆ.

ಒಳಗಿನಿಂದ ಅಜ್ಜಿಯ ದನಿ ಬಂತು, ಎಂದಿನದಕ್ಕಿಂತ ಮೆಲ್ಲಗೆ.

"ಇವತ್ತು ಸೋಕ್ಲಿ ಬಿಡು, ಮಗ."