ಈ ಸಲದ ಆಯುಧಪೂಜೆ

"ಈ ಸಲ ಸರ್ವರ್‌ಗೆ ಕುಂಕುಮ ಬೇಡ ಡಾಕ್ಟ್ರೇ," ಕಂಪ್ಯೂಟರ್ ನೋಡಿಕೊಳ್ಳುವ ಸುಧನ್ವ ಆಯುಧಪೂಜೆಯ ತಟ್ಟೆಗೆ ಕೈ ಅಡ್ಡ ಹಿಡಿದ. "ಮುಂದಿನ ವಾರ ಇದರಲ್ಲಿರೋ ದಾಖಲೆ ಎಲ್ಲಾನೂ ಯಾವುದಾದ್ರೂ ಕಂಪನಿಯ ಕ್ಲೌಡ್‌ಗೆ ಹಾಕಿಬಿಡೋಣ."

ಭದ್ರಾವತಿಯಲ್ಲಿ ರಕ್ತನಿಧಿ ನಡೆಸುವ ಡಾಕ್ಟರ್ ಸೀತಾಲಕ್ಷ್ಮಿಗೆ ಸಿಟ್ಟೇ ಬಂತು. "ರಕ್ತ ಕೊಟ್ಟೋರ ಹೆಸರು ಬೇರೆಯವರ ಕೈಗೆ ಹೋಗಬಾರದು ಅಂತ ವರ್ಷಗಟ್ಟಲೆ ಜಗಳ ಆಡಿದೋನು ನೀನೇ ಅಲ್ವಾ ಮಾರಾಯ? ನೀನು ಹಾಕಿದ ಪುಕ್ಕಟೆ ಓಪನ್ ಸೋರ್ಸ್ ಸಾಫ್ಟ್‌ವೇರ್ ಚೆನ್ನಾಗೇ ಓಡ್ತಿದೆ. ತಿಂಗಳ ಬಾಡಿಗೆ ಕಟ್ಟೋ ಕರ್ಮ ಯಾಕೆ?"

"ಕೆಟ್ಟರೆ ಕಂಪನಿಯೋರು ಯಾರನ್ನಾದ್ರೂ ಕಳಿಸ್ತಾರೆ. ಇದಕ್ಕೆ ನಾನೇ ಬರ್ಬೇಕಲ್ಲ." ಅವನು ಟೊಪ್ಪಿ ತೆಗೆದ. ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ. "ಕೀಮೋ ಹಿಡೀತಿಲ್ಲ ಅಂದ್ರು."

ಸರ್ವರ್‌ನತ್ತ ಚಾಚಿದ್ದ ಕುಂಕುಮದ ಬೆರಳನ್ನು ಹಿಂದಕ್ಕೆ ತಂದ ಸೀತಾಲಕ್ಷ್ಮಿ, ಆ ಕುಂಕುಮವನ್ನು ಅವನ ಹಣೆಗೆ ಇಟ್ಟರು.