ನೆಂಚಾಳ ಮುಖ

"ಈ ಮುದುಕಿ ಮುಖ ಕಿತ್ತು ಹಾಕು. ಅಲ್ಲಿ ನನ್ನ ಮುಖ ಮಾಡು," ಎಂದ ಬಂದೀನೊ. ತಸ್ಕನಿಯ ಆ ಬೆಟ್ಟದೂರಿನ ಬಡವರ ಆಸ್ಪತ್ರೆಗೆ ಅವನೇ ಯಜಮಾನ.

ಮೆಯಾ ಮಣ್ಣಿನ ಕೈ ಒರೆಸಿಕೊಂಡಳು. ಗಂಡ ಸತ್ತ ಮೇಲೆ ಕುಂಬಾರಿಕೆಯ ಕೆಲಸವನ್ನೆಲ್ಲ ಅವಳೇ ನಡೆಸುತ್ತಿದ್ದಳು. ಹಸಿದವರಿಗೆ ಅನ್ನ, ರೋಗಿಗಳ ಆರೈಕೆ ಎಂದು ಕ್ರೈಸ್ತರು ಎಣಿಸುವ ದಯೆಯ ಏಳು ಕೆಲಸಗಳನ್ನು ತೋರಿಸುವ ಏಳು ಮಣ್ಣಿನ ಫಲಕ ಆಸ್ಪತ್ರೆಯ ಮುಂಗೋಡೆಗೆ ಬೇಕಿತ್ತು, ಆರು ಬೆಂದಿದ್ದವು. ಒಣಗಿ ನಿಂತಿದ್ದ ಏಳನೆಯದರಲ್ಲಿ ಮುದುಕಿಯೊಬ್ಬಳು ರೋಗಿಯ ತಲೆ ಎತ್ತಿ ಗಂಜಿ ಕುಡಿಸುತ್ತಿದ್ದಳು. ಜೋತ ರೆಪ್ಪೆ, ಬೊಚ್ಚು ಬಾಯಿ. ಯಾರು ನೋಡಿದರೂ ಆಸ್ಪತ್ರೆಯ ದಾದಿ ನೆಂಚಾ ಎಂದು ಗುರುತಿಸುವಂತಿತ್ತು.

"ಪ್ಲೇಗು ಬಂದಾಗ ತಾವೆಲ್ಲಿದ್ರಿ, ಸ್ವಾಮಿ?"

ಬಂದೀನೊನ ಕತ್ತು ಕೆಂಪಾಯಿತು. "ತೋಟದ ಮನೇಲಿ. ನಿಮಗೋಸ್ಕರ ಪ್ರಾರ್ಥನೆ ಮಾಡ್ತಿದ್ದೆ."

"ಆ ಪ್ರಾರ್ಥನೆ ಇಲ್ಲೀವರೆಗೆ ಬಂದು ಮುಟ್ಟಲಿಲ್ಲ. ನನ್ನ ಗಂಡನ ಬಾಯಿಗೆ ಕೊನೇ ಗುಟುಕು ನೀರು ಬಿಟ್ಟೋಳು ಇವಳು."

ಮಾದರಿಗೆಂದು ಬಂದು ಮೂಲೆಯಲ್ಲಿ ಕೂತಿದ್ದ ನೆಂಚಾ ಗೊಣಗಿದಳು: "ಮಾಡಿಬಿಡೇ ತಾಯಿ, ಅವರದ್ದೇ ಮಾಡು. ನನ್ನ ಮೂತಿ ಗೋಡೆ ಏರಿ ಏನಾಗ್ಬೇಕು? ಕಾಗೆ ಓಡಿಸೋಕಾ?"

"ನೀನು ಸುಮ್ನಿರಜ್ಜಿ."

"ನಾಳೆ ಬರ್ತೀನಿ. ಬದಲಾಗಿರ್ಬೇಕು," ಎಂದು ಬಂದೀನೊ ಹೊರಟ.

ಅವನ ಬೆನ್ನು ಮರೆಯಾಗುವುದೇ ತಡ, ಮೆಯಾ ಫಲಕವನ್ನು ಮಡಕೆ ಸುಡುವ ಆವಿಗೆಯಲ್ಲಿಟ್ಟು, ಅದರ ಬಾಯಿಗೆ ಇಟ್ಟಿಗೆ ಕಟ್ಟಿ, ಮಣ್ಣು ಮೆತ್ತಿ ಬೆಂಕಿ ಹಾಕಿದಳು. ಮಾರನೆಯ ದಿನ ಅವನನ್ನು ಎದುರುಗೊಂಡದ್ದು ಹೊಗೆ. "ಬೆಂದ ಮಣ್ಣು ಮತ್ತೆ ಹಸಿಯಾಗಲ್ಲ, ಸ್ವಾಮಿ," ಎಂದಳು ಮೆಯಾ. "ಬೇಡ ಅಂದ್ರೆ ಒಡೀಬೇಕು, ಅಷ್ಟೆ."

ಸ್ವಲ್ಪ ದಿನಕ್ಕೆ ಬಂದ ಊರಹಬ್ಬಕ್ಕೆ ಗೋಡೆ ಬೋಳಾಗಿರಬಾರದೆಂದು ಹಿರಿಯರು, ಬಣ್ಣದ ಮೆರುಗು ಕೊಟ್ಟು ಸುಟ್ಟ ಏಳೂ ಫಲಕ ಕೂರಿಸಿಬಿಟ್ಟರು. ಹಬ್ಬ ಕಳೆದ ಬೆಳಿಗ್ಗೆಯೇ ಬಂದೀನೊ ಗಾರೆ ಕೆಲಸದ ಬೆಟ್ಟೊನನ್ನು ಕರೆತಂದು ಏಣಿ ಹಾಕಿಸಿದ. ಸುದ್ದಿ ಕೇಳಿ ಮೆಯಾ ಓಡಿ ಬಂದಳು.

"ಹತ್ತು. ಆ ಮುಖ ಒಡೆದು ಹಾಕು," ಎಂದ ಬಂದೀನೊ.

ಬೆಟ್ಟೊ ಕತ್ತೆತ್ತಿ ನೋಡಿದ. ನೀಲಿ ಹಿನ್ನೆಲೆಯಲ್ಲಿ ಬೆಳ್ಳನೆ ಹೊಳೆಯುವ ಮುಖ, ಅದೇ ಜೋತ ರೆಪ್ಪೆ. ಸುತ್ತಿಗೆಯನ್ನು ಮೆಲ್ಲಗೆ ನೆಲಕ್ಕಿಟ್ಟ. "ಪ್ಲೇಗಲ್ಲಿ ಹದಿನೇಳು ದಿನ ಹಾಸಿಗೇಲಿದ್ದೆ, ಸ್ವಾಮಿ. ಕಣ್ಣು ಬಿಟ್ಟಾಗೆಲ್ಲ ಕಂಡಿದ್ದು ಈ ಮುಖಾನೇ. ಬೇರೆಯವರನ್ನ ಕರೀರಿ."

ಬಂದೀನೊ ತಾನೇ ಸುತ್ತಿಗೆ ಕಸಿದು ಏಣಿ ಹತ್ತತೊಡಗಿದ. ನಡೆಯಬಲ್ಲ ರೋಗಿಗಳೆಲ್ಲ ಕಂಬಳಿ ಹೊದ್ದು ಬಾಗಿಲಿಗೆ ಬಂದರು. ಏಣಿ ಎಳೆದೇ ಬಿಡುತ್ತೇನೆಂದು ಮೆಯಾ ನುಗ್ಗಿದಳು. ಅಷ್ಟರಲ್ಲಿ ನೆಂಚಾ ಒದ್ದೆ ಕೈ ಲಂಗಕ್ಕೆ ಒರೆಸುತ್ತ ಬಂದು, ಅಲ್ಲಾಡುತ್ತಿದ್ದ ಏಣಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು.

"ಜೋಪಾನ, ಸ್ವಾಮಿ," ಎಂದಳು ಮೇಲೆ ನೋಡುತ್ತ. "ಬಿದ್ರೆ ನಿಮ್ಮನ್ನೂ ನಾನೇ ನೋಡ್ಕೋಬೇಕು."

ರೋಗಿಯೊಬ್ಬ ಕೆಮ್ಮುತ್ತಲೇ ನಕ್ಕ. ಎತ್ತಿದ ಸುತ್ತಿಗೆ ಎತ್ತಿದಲ್ಲೇ ನಿಂತಿತು. ಬಂದೀನೊ ಒಂದೊಂದೇ ಮೆಟ್ಟಿಲು ಇಳಿದ. ಕಡೆಯ ಮೆಟ್ಟಿಲಲ್ಲಿ ಅವನ ಕಾಲು ಜಾರಿತು. ನೆಂಚಾ ಮೊಣಕೈ ಹಿಡಿದು ಇಳಿಸಿಕೊಂಡಳು.