ಆರೂವರೆಗೆ ಮಾಯವಾಗುವ ಹೆಸರು

ಇವತ್ತೂ ಆರೂವರೆಗೆಲ್ಲ ಜಾಹೀರಾತು ಮಾಯ. ದಾಕ್ಷಾಯಣಿ ಮೊಬೈಲನ್ನು ಮಂಚದ ಮೇಲೆ ಎಸೆದಳು.

ಪ್ರವಾಸದ ಬಸ್ಸು ಹುಡುಕುವವರಿಗೆ ತನ್ನ ಟ್ರಾವೆಲ್ಸ್ ಹೆಸರೇ ಎಲ್ಲಕ್ಕಿಂತ ಮೇಲೆ ಕಾಣಲೆಂದು ಅವಳು ಕೊಟ್ಟಿದ್ದ ಜಾಹೀರಾತು ಅದು. ಯಾರಾದರೂ ಅದನ್ನು ಒತ್ತಿದಾಗಲೆಲ್ಲ ದುಡ್ಡು ಕಡಿತ. ದಿನದ ಮಿತಿ ಮುಗಿದರೆ ಮರುದಿನದವರೆಗೆ ಹೆಸರೇ ಇಲ್ಲ. ಹದಿನೈದು ದಿನದಿಂದ ಗಿರಾಕಿಗಳು ಏಳುವ ಮೊದಲೇ ಯಾರೋ ಒತ್ತಿ ಒತ್ತಿ ಮುಗಿಸುತ್ತಿದ್ದರು. ಬುಕಿಂಗಿಗೆ ಒಂದು ಫೋನೂ ಇಲ್ಲ. ದಸರಾ ಬಸ್ಸು ತುಂಬದಿದ್ದರೆ ಯಲಹಂಕದ ಆಫೀಸಿಗೆ ಬೀಗ ಹಾಕಬೇಕಾಗಿತ್ತು.

ಒತ್ತುವವರು ಯಲಹಂಕದ ಪಕ್ಕದ ಸಿಂಗಾಪುರ ಬಡಾವಣೆಯ ಕಡೆಯವರು ಎಂದು ಜಾಹೀರಾತಿನ ವರದಿ ತೋರಿಸುತ್ತಿತ್ತು. ಅವಳ ಮನೆ ಇದ್ದದ್ದೂ ಅಲ್ಲೇ. ಎರಡು ಬೀದಿ ಆಚೆ ಹೇಮಂತನ ಮನೆ. ಅವನದೂ ಟ್ರಾವೆಲ್ಸೇ. ಇನ್ನೇನು ಬೇಕು ಸಾಕ್ಷಿ?

ಅತ್ತೆ ನಿಂಗವ್ವ ವಾಕಿಂಗ್ ಮುಗಿಸಿ ಬಂದು ಕರಿಬೇವಿನ ಕಟ್ಟು ಮುಂದಿಟ್ಟರು. "ಲಕ್ಕಮ್ಮ ಕೊಟ್ಲವ್ವ, ಹೇಮಂತನ ತಾಯಿ."

"ಅವ್ರ ಮನೀದು ಏನೂ ಬ್ಯಾಡ್ರಿ."

"ಕರಿಬೇವು ಏನ್ ಪಾಪ ಮಾಡೇತಿ? ಅದಿರ್ಲಿ, ನಮ್ಮ ಹೆಸರು ಮ್ಯಾಲೆ ಬಂತೇನು?"

"ಎಲ್ಲಿ ಬರ್ತದ್ರಿ!"

ನಿಂಗವ್ವ ಏನೋ ಲೆಕ್ಕ ಹಾಕುತ್ತ ಬೆರಳು ಮಡಿಸಿದರು. "ಆಗ್ಲಿ, ನಾಳೆ ನೋಡೂಣು."

ಅಷ್ಟರಲ್ಲಿ ಹೇಮಂತನ ಫೋನು. "ಅಕ್ಕಾ, ನನ್ ಜಾಹೀರಾತು ಒತ್ತೋದು ನಿಲ್ಲಿಸ್ತೀರೋ, ಕಂಪ್ಲೇಂಟ್ ಕೊಡ್ಲೋ?"

ಎಂಥಾ ಧೈರ್ಯ! "ನಾಟಕ ಸಾಕು ಮಾಡಪ್ಪ. ನಾಳೆ ಬೆಳಿಗ್ಗೆ ನಿನ್ನ ಮನೆ ಮುಂದೇನೇ ಬಂದು ನಿಲ್ತೀನಿ."

ನಿಂತಳು. ಆರೂ ಕಾಲು. ಅವಳ ಮೊಬೈಲಿನಲ್ಲಿ ಜಾಹೀರಾತು ಒತ್ತಿದವರ ಎಣಿಕೆ ಏರುತ್ತಿತ್ತು: ಒಂಬತ್ತು, ಹನ್ನೆರಡು, ಹದಿನಾರು. ಬಾಗಿಲು ತೆರೆದ ಹೇಮಂತನ ಬಾಯಲ್ಲಿ ಬ್ರಶ್ಶು, ಕೈ ಖಾಲಿ.

"ನಿನ್ನ ಫೋನೆಲ್ಲಿ?"

"ಚಾರ್ಜಿಗಿದೆ. ನಿಮ್ ಕೈಲೇ ಇದ್ಯಲ್ಲಕ್ಕ ಒಂದು! ಒತ್ತಿ, ಒತ್ತಿ, ನನ್ನ ಮುಂದೇನೇ ಒತ್ತಿ."

ಹದಿನೆಂಟು. ಹತ್ತೊಂಬತ್ತು. ಅವನು ಒತ್ತುತ್ತಿರಲಿಲ್ಲ. ಅವಳೂ ಒತ್ತುತ್ತಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

ಎದುರಿನ ಪಾರ್ಕಿನಿಂದ ಪರಿಚಯದ ದನಿಯೊಂದು ಕೇಳಿಸಿತು. ಕಲ್ಲುಬೆಂಚಿನ ಸುತ್ತ ಇಪ್ಪತ್ತಕ್ಕೂ ಹೆಚ್ಚು ಹೆಂಗಸರು, ಕನ್ನಡಕ ಏರಿಸಿ, ಮೊಬೈಲಿನ ಮೇಲೆ ಬಗ್ಗಿ ಕೂತಿದ್ದರು. ನಡುವೆ ನಿಂಗವ್ವ. ಪಕ್ಕದಲ್ಲಿ, ಎಲ್ಲರಿಗೂ ಬೆರಳಿಟ್ಟು ತೋರಿಸಿಕೊಡುತ್ತ, ಲಕ್ಕಮ್ಮ.

"ನನ್ನ ಸೊಸೀದು ಆತಲ್ಲ? ಈಗ ಲಕ್ಕಮ್ಮನ ಮಗಂದು ಒತ್ರಿ," ಎನ್ನುತ್ತಿದ್ದರು ನಿಂಗವ್ವ. "ಒತ್ತಿದಷ್ಟೂ ಮ್ಯಾಲೆ ಏರ್ತದಂತ. ಪಾಪ, ಎರಡೂ ಹುಡುಗ್ರು ಉದ್ಧಾರ ಆಗ್ಲಿ."